ತಾಳ ತಪ್ಪಿದರೂ ಕುಣಿಯುವ ಹಕ್ಕಿ: ಸ್ನೋಬಾಲ್ ಪ್ರಕರಣ

2007ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಆಶ್ರಯಕ್ಕೆ ಬಿಳಿ ಕಾಕಟೂ ಒಂದು ಬಂತು. ಸಾಕಿದವರಿಗೆ ಇಟ್ಟುಕೊಳ್ಳಲಾಗದ ಗಿಳಿಗಳನ್ನು ನೋಡಿಕೊಳ್ಳುವ ಜಾಗ ಅದು. ಬಂದದ್ದು ಗಿಳಿ ಬಳಗದ ಗಂಡು ಹಕ್ಕಿ. ತಲೆಯ ಮೇಲೆ ಹಳದಿ ಜುಟ್ಟು, ಹೆಸರು ಸ್ನೋಬಾಲ್. ತಂದುಬಿಟ್ಟವರು ಜೊತೆಗೆ ಒಂದು ಸಿಡಿಯನ್ನೂ ಕೊಟ್ಟರು. ಈ ಹಾಡು ಅಂದ್ರೆ ಇದಕ್ಕೆ ಪ್ರಾಣ, ಹಾಕಿದರೆ ಕುಣಿಯುತ್ತದೆ ಅಂದರು. ಸಾಕಿದ ಪ್ರಾಣಿಯ ಬಗ್ಗೆ ಜನ ಹೀಗೆಲ್ಲ ಹೇಳುವುದು ಹೊಸದೇನಲ್ಲ. ಎಲ್ಲರ ಮನೆಯ ನಾಯಿಗೂ ಮಾತು ಅರ್ಥವಾಗುತ್ತೆ, ಅಲ್ವಾ? ಆಶ್ರಯದವರು ಸುಮ್ನೆ ಸಿಡಿ ಹಾಕಿ ನೋಡಿದರು. ಬ್ಯಾಕ್‌ಸ್ಟ್ರೀಟ್ ಬಾಯ್ಸ್ ತಂಡದ ಹಾಡು. ಹಕ್ಕಿ ಜುಟ್ಟು ನಿಮಿರಿಸಿತು, ಒಂದೊಂದೇ ಕಾಲು ಎತ್ತಿ ಇಳಿಸಿತು, ತಲೆಯನ್ನು ಮೇಲೆ ಕೆಳಗೆ ಬೀಸುತ್ತ ಕುಣಿದೇಬಿಟ್ಟಿತು.

ಅದನ್ನು ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕಿದರು. ಲಕ್ಷಗಟ್ಟಲೆ ಜನ ನೋಡಿ ನಕ್ಕರು. ಅನಿರುದ್ಧ್ ಪಟೇಲ್ ಮಾತ್ರ ನಕ್ಕು ಸುಮ್ಮನಾಗಲಿಲ್ಲ. ಅವರು ಸಂಗೀತಕ್ಕೂ ಮೆದುಳಿಗೂ ಇರುವ ನಂಟನ್ನು ಹುಡುಕುತ್ತಿದ್ದವರು. ಆಗ ಸ್ಯಾನ್ ಡಿಯೇಗೋದ ನ್ಯೂರೋಸೈನ್ಸಸ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು. ಹಾಡಿನ ತಾಳಕ್ಕೆ ಮೈ ಕುಣಿಸುವುದು ಮನುಷ್ಯರಿಗೆ ಮಾತ್ರ ಬರುವ ವಿದ್ಯೆ ಎಂದು ಆ ಕಾಲದಲ್ಲಿ ಹೆಚ್ಚಿನವರು ನಂಬಿದ್ದರು. ಪಟೇಲ್ ಅವರಿಗೆ ಬೇರೆಯದೇ ಗುಮಾನಿಯಿತ್ತು. ಕೇಳಿದ ಸದ್ದನ್ನು ಹಾಗೆಯೇ ಅನುಕರಿಸಬೇಕಾದರೆ ಮೆದುಳಿನಲ್ಲಿ ಕಿವಿಯ ಭಾಗಕ್ಕೂ ಮೈ ಆಡಿಸುವ ಭಾಗಕ್ಕೂ ಗಟ್ಟಿ ನಂಟಿರಬೇಕು. ತಾಳಕ್ಕೆ ಕುಣಿಯಲು ಬೇಕಾದದ್ದೂ ಅದೇ ನಂಟು. ಹಾಗಿದ್ದರೆ ಮಾತು ಕಲಿಯುವ ಗಿಳಿಗೆ ಕುಣಿತವೂ ಬರಬೇಕಲ್ಲ?

ನನಗೆ ಈ ಪ್ರಕರಣ ಮುಖ್ಯ ಅನ್ನಿಸುವುದಕ್ಕೆ ಕಾರಣವೇ ಬೇರೆ. ಯಾಕೆ ಕುಣಿಯುತ್ತೀರಿ ಎಂದು ಮನುಷ್ಯರನ್ನು ಕೇಳಿದರೆ ಬೇಕಾದಷ್ಟು ಉತ್ತರ ಸಿಗುತ್ತವೆ. ಖುಷಿಗೆ, ಮನಸ್ಸು ಹಗುರಾಗೋಕೆ, ವ್ಯಾಯಾಮಕ್ಕೆ, ದೇವರಿಗಾಗಿ, ಗೆಳೆಯರು ಎಳೆದರು ಅಂತ. ಎಲ್ಲವೂ ನಿಜವೇ. ಆದರೆ ಯಾವುದು ಬೇರು, ಯಾವುದು ಆಮೇಲೆ ಬಂದ ಕೊಂಬೆ ಎಂದು ಹೇಳುವುದು ಕಷ್ಟ. ಹಕ್ಕಿಯನ್ನು ಕೇಳುವ ಹಾಗಿಲ್ಲ, ನೋಡಬಹುದು ಅಷ್ಟೇ. ಅದಕ್ಕೆ ಗುರು ಇಲ್ಲ, ವೇದಿಕೆ ಇಲ್ಲ, ಪರಂಪರೆ ಇಲ್ಲ. ಆದರೂ ಕುಣಿಯುತ್ತದೆ.

ತಾಳ ಹಿಡಿಯುತ್ತದೆಯೇ?

ಮೊದಲ ಅನುಮಾನ ಸಹಜವಾದದ್ದೇ. ಕ್ಯಾಮೆರಾ ಹಿಂದೆ ಯಾರೋ ತಲೆಯಾಡಿಸುತ್ತಿರಬಹುದು, ಹಕ್ಕಿ ಅವರನ್ನು ನೋಡಿ ಆಡಿಸುತ್ತಿರಬಹುದು. ಇಂಥ ಮೋಸ ಹಿಂದೆಯೂ ಆಗಿದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಎಂದು ದೊಡ್ಡ ಸುದ್ದಿಯಾಗಿತ್ತು. ಕೊನೆಗೆ ನೋಡಿದರೆ, ಪ್ರಶ್ನೆ ಕೇಳಿದವರ ಮುಖ ಮತ್ತು ಮೈಯ ಸಣ್ಣ ಬದಲಾವಣೆ ಗಮನಿಸಿ ಅದು ಗೊರಸು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಬೇಕೆಂದು ಮಾಡಿದ ಮೋಸವಲ್ಲ. ಕೇಳಿದವರಿಗೂ ಅದು ಗೊತ್ತಿರಲಿಲ್ಲ.

ಅದಕ್ಕೇ ಸ್ನೋಬಾಲ್ ಎದುರು ಯಾರೂ ಕುಣಿದು ತೋರಿಸದ ಹಾಗೆ ನೋಡಿಕೊಂಡರು. ಅದರ ಮೆಚ್ಚಿನ ಹಾಡನ್ನೇ ತೆಗೆದುಕೊಂಡು, ಸ್ವರದ ಎತ್ತರ ಬದಲಾಗದಂತೆ 11 ಬೇರೆ ಬೇರೆ ವೇಗಗಳಲ್ಲಿ ನುಡಿಸಿದರು. ಮೂಲಕ್ಕಿಂತ ಶೇ. 20ರಷ್ಟು ನಿಧಾನದಿಂದ ಶೇ. 20ರಷ್ಟು ಜೋರಿನವರೆಗೆ. ಹಕ್ಕಿ ತನ್ನದೇ ವೇಗದಲ್ಲಿ ತಲೆಯಾಡಿಸುತ್ತಿದ್ದು, ಅದು ಹಾಡಿಗೆ ಕಾಕತಾಳೀಯವಾಗಿ ಹೊಂದಿದ್ದರೆ, ಹಾಡು ಬದಲಾದಾಗ ಬಣ್ಣ ಬಯಲಾಗಬೇಕಿತ್ತು. ಹಾಗಾಗಲಿಲ್ಲ. ಹಾಡಿನ ವೇಗ ಬದಲಾದಂತೆ ತಲೆಯ ವೇಗವೂ ಬದಲಾಯಿತು. 2009ರಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಸುದ್ದಿಯಲ್ಲಿ ಬಂದದ್ದು ಇಷ್ಟೇ: ಹಕ್ಕಿ ತಾಳಕ್ಕೆ ಕುಣಿಯುತ್ತದೆ! ಅಧ್ಯಯನದೊಳಗೆ ಇನ್ನೊಂದು ವಿಷಯವಿತ್ತು. ಸ್ನೋಬಾಲ್ ಹಾಡಿನುದ್ದಕ್ಕೂ ತಾಳ ಹಿಡಿದಿರಲಿಲ್ಲ. ಸ್ವಲ್ಪ ಹೊತ್ತು ಸರಿಯಾಗಿ ತಾಳದ ಮೇಲೆ ಬೀಳುತ್ತಿತ್ತು, ಆಮೇಲೆ ಜಾರುತ್ತಿತ್ತು, ಮತ್ತೆ ಸಿಕ್ಕಿಸಿಕೊಳ್ಳುತ್ತಿತ್ತು. ತಾಳ ಜಾರಿದಾಗ ಕುಣಿತವೇನೂ ನಿಲ್ಲುತ್ತಿರಲಿಲ್ಲ. ಒಟ್ಟು ಕುಣಿತ ಜಾಸ್ತಿ, ಅದರೊಳಗೆ ತಾಳ ಸಿಕ್ಕ ತುಣುಕುಗಳು ಕಡಿಮೆ. ನನ್ನ ಪ್ರಕಾರ ಇಡೀ ಪ್ರಕರಣದ ಕೀಲಿ ಇರುವುದು ಇಲ್ಲೇ. ತಾಳ ಹಿಡಿಯುವುದು ಒಂದು. ಕುಣಿಯಬೇಕು ಅನ್ನಿಸುವುದು ಇನ್ನೊಂದು. ಎರಡನ್ನೂ ನಾವು ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೇವೆ.

ಹದಿನಾಲ್ಕು ಭಂಗಿ

ಮೊದಲ ಪರೀಕ್ಷೆ ಮುಗಿದ ಸ್ವಲ್ಪ ಕಾಲಕ್ಕೆ ಸ್ನೋಬಾಲ್ ಹೊಸ ಹೊಸ ಚಲನೆಗಳನ್ನು ಮಾಡುತ್ತಿದೆ ಎಂದು ಅದನ್ನು ಸಾಕುತ್ತಿದ್ದವರು ಗಮನಿಸಿದರು. ಪಟೇಲ್ ತಂಡ ಮತ್ತೆ ಕ್ಯಾಮೆರಾ ಇಟ್ಟಿತು. ಈ ಸಲ ಎಂಬತ್ತರ ದಶಕದ ಎರಡು ಜನಪ್ರಿಯ ಹಾಡುಗಳು, ಒಂದೊಂದನ್ನೂ ಮೂರು ಸಲ. ಸಾಕಿದವರು ಕೋಣೆಯಲ್ಲೇ ಇದ್ದರು, ಆದರೆ ಕುಣಿಯಲಿಲ್ಲ. ಭೇಷ್ ಅನ್ನುವಂಥ ಒಂದೆರಡು ಮಾತು ಬಿಟ್ಟರೆ ಬೇರೇನೂ ಇಲ್ಲ. ತಿಂಡಿಯ ಆಸೆಯನ್ನಂತೂ ತೋರಿಸಲೇ ಇಲ್ಲ.

ಆ ವಿಡಿಯೊ ಕೂತು ನೋಡಿ ಲೆಕ್ಕ ಹಾಕಿದವರು ತಂಡದ ಜೋಆನ್ ಜಾವ್ ಕೀಹನ್. ಅವರು ಸ್ವತಃ ನೃತ್ಯ ಕಲಿತವರು. ಸದ್ದು ತೆಗೆದು, ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಒಂದೊಂದು ಚಲನೆಗೂ ಹೆಸರಿಟ್ಟರು. ಬೇರೆ ಬೇರೆ ಅನ್ನಬಹುದಾದ 14 ಚಲನೆ ಸಿಕ್ಕವು. ಅವುಗಳಲ್ಲಿ ಕೆಲವನ್ನು ಬೆರೆಸಿದವು ಇನ್ನೂ ಎರಡು. ಬರೀ ತಲೆಯಾಡಿಸುವುದೊಂದೇ ಅಲ್ಲ. ಒಂದು ಕಾಲೆತ್ತಿ ಗಾಳಿಯಲ್ಲಿ ಬೀಸುವುದು, ಕಾಲೆತ್ತಿಕೊಂಡೇ ತಲೆ ಬಡಿಯುವುದು, ಮೈಯನ್ನು ಅಲೆಯಂತೆ ಹೊರಳಿಸುವುದು, ತಲೆಯನ್ನು ಎತ್ತಿದ ಕಾಲಿನ ಈ ಕಡೆಯಿಂದ ಆ ಕಡೆಗೆ ಒಯ್ಯುವುದು, ತಲೆಯನ್ನು ಅರ್ಧ ಸುತ್ತು ಬೀಸುವುದು. ಅದೇ ಹಾಡು ಎರಡನೇ ಸಲ ಬಂದಾಗ ಮೊದಲ ಸಲ ಮಾಡಿದ್ದನ್ನೇ ಮಾಡಲಿಲ್ಲ. ಕುಣಿತ ಸಲಕ್ಕೊಂದು ರೀತಿ ಇತ್ತು.

ಈ ಅಧ್ಯಯನ ಹೊರಬಂದದ್ದು 2019ರಲ್ಲಿ. ಚಿತ್ರೀಕರಣವಾಗಿ ಎಷ್ಟೋ ವರ್ಷವಾಗಿತ್ತು. ನಿಮಿಷಗಳ ಕುಣಿತಕ್ಕೆ ವರ್ಷಗಳ ಲೆಕ್ಕಾಚಾರ!

ಈ ಚಲನೆಗಳು ಎಲ್ಲಿಂದ ಬಂದವು? ಕಾಡಿನ ಗಂಡು ಕಾಕಟೂ ಹೆಣ್ಣನ್ನು ಒಲಿಸಿಕೊಳ್ಳುವಾಗ ತಲೆಯಾಡಿಸುವುದುಂಟು, ಜುಟ್ಟು ಎತ್ತುವುದುಂಟು. ಅಷ್ಟು ಹುಟ್ಟಿನಿಂದ ಬಂದದ್ದು. ಕಾಲೆತ್ತುವುದರ ಕಥೆ ಬೇರೆ. ಸ್ನೋಬಾಲ್ ತಲೆಯಾಡಿಸುವುದನ್ನು ಕಂಡ ಹಳೆಯ ಮನೆಯವರು ತಾವೂ ಕೈ ಬೀಸಿ ಹುರಿದುಂಬಿಸುತ್ತಿದ್ದರಂತೆ. ಹಕ್ಕಿಗೆ ಬೀಸಲು ಕೈಯಿಲ್ಲ. ಕಾಲು ಎತ್ತಿತು. ಇದು ನಿಜವಾದರೆ ಬರೀ ನಕಲಲ್ಲ. ಕಂಡದ್ದನ್ನು ತನ್ನ ಮೈಗೆ ಹೊಂದಿಸಿಕೊಳ್ಳುವ ಕೆಲಸ. ಉಳಿದ ಎಷ್ಟೋ ಭಂಗಿಗಳನ್ನು ಮನೆಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಅವನ್ನು ಅದೇ ಕಟ್ಟಿಕೊಂಡಿರಬೇಕು.

ತಿನ್ನೋಕೆ ಸಿಗಲಿ ಎಂದು ಕುಣಿಯಲಿಲ್ಲ. ಸಂಗಾತಿಗಾಗಿಯೂ ಅಲ್ಲ. ಮತ್ತೆ ಯಾಕೆ? ಸಂಶೋಧಕರು ಕೊಟ್ಟ ಉತ್ತರ ಸರಳ: ಜೊತೆಗಿರುವ ಮನುಷ್ಯರೊಂದಿಗೆ ಸೇರಿಕೊಳ್ಳೋಕೆ. ಕಾಕಟೂ ಹಿಂಡಿನಲ್ಲಿ ಬದುಕುವ ಹಕ್ಕಿ. ಒಂಟಿಯಾಗಿ ಪಂಜರದಲ್ಲಿಟ್ಟರೆ ಕೆಲವು ಕಾಕಟೂಗಳು ತಮ್ಮ ಪುಕ್ಕ ತಾವೇ ಕಿತ್ತುಕೊಳ್ಳುವ ಮಟ್ಟಕ್ಕೆ ಕೊರಗುತ್ತವೆ. ಸ್ನೋಬಾಲ್ ಪಾಲಿಗೆ ಹಿಂಡು ಎಂದರೆ ಅದನ್ನು ಸಾಕುವ ಮನುಷ್ಯರೇ. ಕಿರುಚಿದರೆ ಆ ಹಿಂಡು ಮುಖ ಸಿಂಡರಿಸುತ್ತದೆ. ಕುಣಿದರೆ ಹತ್ತಿರ ಬರುತ್ತದೆ, ನಗುತ್ತದೆ, ಮಾತಾಡಿಸುತ್ತದೆ.

ಅಂದರೆ ಚಪ್ಪಾಳೆಯೇ ಕೂಲಿ, ತಿಂಡಿಯ ಬದಲು ಮೆಚ್ಚುಗೆ ಕೊಟ್ಟು ಪಳಗಿಸಿದ್ದಾರೆ, ಅಷ್ಟೇ ಎಂದು ಯಾರಾದರೂ ಹೇಳಬಹುದು. ಇರಬಹುದು. ಆದರೆ ಚಪ್ಪಾಳೆಗೆ ಬೆಲೆಯಿರುವುದೇ ಜೊತೆ ಬೇಕು ಅನ್ನುವ ಪ್ರಾಣಿಗೆ. ಈ ಆಕ್ಷೇಪಣೆ ವಿವರಣೆಯನ್ನು ಬೀಳಿಸುವುದಿಲ್ಲ, ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದು ಸೇರುತ್ತದೆ.

ತಾಳದಲ್ಲಿ ಪಳಗಿದ ರೋನನ್

ಸ್ನೋಬಾಲ್‌ನ ಎದುರಿಗೆ ಇಟ್ಟು ನೋಡಬೇಕಾದ ಇನ್ನೊಂದು ಪ್ರಾಣಿಯಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಪ್ರಯೋಗಾಲಯದಲ್ಲಿರುವ ರೋನನ್ ಎಂಬ ಹೆಣ್ಣು ಕಡಲ ಸಿಂಹ. ಕಡಲ ಸಿಂಹ ಸದ್ದು ಅನುಕರಿಸುವುದರಲ್ಲಿ ಹೆಸರು ಮಾಡಿದ ಪ್ರಾಣಿಯಲ್ಲ. ಹಾಗಾಗಿ ಪಟೇಲ್ ಹೇಳಿದ್ದು ಪೂರ್ತಿ ನಿಜವೇ ಎಂದು ನೋಡಲು ಅದು ಹೇಳಿಮಾಡಿಸಿದ ಪ್ರಾಣಿ. ಮೀನು ಕೊಟ್ಟು ಕೊಟ್ಟು, ಮೊದಲು ಬರೀ ಟಿಕ್ ಟಿಕ್ ಸದ್ದಿಗೆ ತಲೆಯಾಡಿಸುವುದನ್ನು ಕಲಿಸಿದರು. ಆಮೇಲೆ ಹಿಂದೆಂದೂ ಕೇಳದ ಹಾಡುಗಳಿಗೂ ಅದು ತಾಳ ಹಿಡಿಯಿತು. 2013ರಲ್ಲಿ ಇದು ಪ್ರಕಟವಾದಾಗ, ಅನುಕರಣೆ ಬರುವ ಪ್ರಾಣಿಗೆ ಮಾತ್ರ ತಾಳ ಸಿಗುತ್ತದೆ ಎಂಬ ಮಾತಿಗೆ ಒಳ್ಳೆಯ ಏಟು ಬಿತ್ತು. 2025ರ ಅಧ್ಯಯನದಲ್ಲಿ ಅದನ್ನು ಹತ್ತು ಜನ ವಿದ್ಯಾರ್ಥಿಗಳ ಜೊತೆ ಹೋಲಿಸಿದರು. ತಾಳ ಅಲುಗದ ಹಾಗೆ ಹಿಡಿಯುವುದರಲ್ಲಿ ರೋನನ್ ಅವರೆಲ್ಲರನ್ನೂ ಮೀರಿಸಿತು.

ಕರಾರುವಾಕ್ಕು ಎಂದರೆ ರೋನನ್. ಆದರೆ ಎರಡೂ ವಿಡಿಯೊ ಪಕ್ಕಪಕ್ಕ ಇಟ್ಟು ಯಾವುದು ಕುಣಿಯುತ್ತಿದೆ ಎಂದು ಕೇಳಿದರೆ, ಬಹುಪಾಲು ಜನ ಸ್ನೋಬಾಲ್ ಕಡೆಗೇ ಬೆರಳು ತೋರಿಸಬಹುದು. ನಾನಂತೂ ತೋರಿಸುತ್ತೇನೆ. ರೋನನ್ ಒಂದು ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸುತ್ತಿರುತ್ತದೆ. ಸ್ನೋಬಾಲ್ ತಪ್ಪು ಮಾಡುತ್ತಲೇ ಮೈಮರೆತಿರುತ್ತದೆ.

ಕುಣಿಯುವ ಪ್ರಾಣಿಗಳನ್ನು ಹುಡುಕಿ ಸಾವಿರಕ್ಕೂ ಹೆಚ್ಚು ಯೂಟ್ಯೂಬ್ ವಿಡಿಯೊ ಜಾಲಾಡಿದ ಇನ್ನೊಂದು ತಂಡವಿತ್ತು. ಅವರ ಅಧ್ಯಯನವೂ 2009ರದ್ದೇ. ನಿಜವಾಗಿ ತಾಳಕ್ಕೆ ಹೊಂದಿದ ಚಲನೆ ಸಿಕ್ಕಿದ್ದು 14 ಜಾತಿಯ ಗಿಳಿಗಳಲ್ಲಿ ಮತ್ತು ಏಷ್ಯಾದ ಆನೆಯಲ್ಲಿ. ಸಾವಿರಾರು ವರ್ಷದಿಂದ ನಮ್ಮ ಜೊತೆಗೇ ಇರುವ ನಾಯಿ ಆ ಪಟ್ಟಿಯಲ್ಲಿಲ್ಲ. ಮಂಗಗಳಲ್ಲಿ ಕೆಲವು ಜಾತಿಗಳಿಗೆ ಸಂಗೀತಕ್ಕಿಂತ ಮೌನವೇ ಇಷ್ಟ ಎಂದು 2007ರ ಒಂದು ಪ್ರಯೋಗ ತೋರಿಸಿತ್ತು. ಬುದ್ಧಿಗಾಗಲೀ ನಮ್ಮೊಂದಿಗಿನ ರಕ್ತಸಂಬಂಧಕ್ಕಾಗಲೀ ಕುಣಿತಕ್ಕೂ ನೇರ ಲೆಕ್ಕವಿಲ್ಲ.

2019ರ ಅಧ್ಯಯನದಲ್ಲಿ ಪಟೇಲ್ ತಂಡ ಐದು ಗುಣಗಳು ಒಟ್ಟಾದಾಗ ಹೀಗೆ ತಾನಾಗಿ ಕುಣಿಯುವ ಹುಮ್ಮಸ್ಸು ಬರುತ್ತದೆ ಎಂದು ಊಹಿಸಿತು. ಸದ್ದು ಕಲಿಯುವುದು, ಚಲನೆ ಅನುಕರಿಸುವುದು, ವರ್ಷಗಟ್ಟಲೆ ಉಳಿಯುವ ನಂಟು ಕಟ್ಟಿಕೊಳ್ಳುವುದು, ಉದ್ದನೆಯ ಚಲನೆಗಳ ಸರಣಿ ಕಲಿಯುವುದು, ಎದುರಿನವರ ಮೈಯ ಸನ್ನೆಗೆ ಗಮನ ಕೊಡುವುದು. ಐದರಲ್ಲಿ ಎಷ್ಟು ಜೊತೆಗಾರರಿಗೆ ಸಂಬಂಧಿಸಿದವು ನೋಡಿ. ತಾಳ ಎಂಬ ಮಾತು ಅದರಲ್ಲಿ ಬರುವುದೇ ಇಲ್ಲ.

ಮನುಷ್ಯರಿಗೆ ಇದು ಹೊಂದುತ್ತದೆಯೇ?

ಒಂದು ಹಕ್ಕಿಯಿಂದ ಮನುಷ್ಯರ ಬಗ್ಗೆ ತೀರ್ಮಾನಕ್ಕೆ ಬರುವುದು ಅತಿಯಾಯಿತು ಅನ್ನಿಸಬಹುದು. ಹಾಗಾಗಿ ಇನ್ನೂ ಕುಣಿತ ಕಲಿಯದ ಮನುಷ್ಯರ ಕಡೆ ಹೋಗೋಣ. ಮಕ್ಕಳು!

ಐದು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಿಗೆ ಸಂಗೀತ ಮತ್ತು ಮಾತು ಎರಡನ್ನೂ ಕೇಳಿಸಿದ ಅಧ್ಯಯನ 2010ರಲ್ಲಿ ಬಂತು. ಮಾತಿಗಿಂತ ಸಂಗೀತಕ್ಕೆ ಮೈ ಜಾಸ್ತಿ ಅಲುಗಿತು. ಆದರೆ ತಾಳಕ್ಕೆ ಸರಿಯಾಗಿ ಬೀಳುವ ಶಕ್ತಿ ಆ ವಯಸ್ಸಿಗೆ ಇಲ್ಲ. ತಾಳದ ಹತ್ತಿರ ಹತ್ತಿರ ಹೋದ ಮಕ್ಕಳು ಜಾಸ್ತಿ ನಕ್ಕವು ಎಂಬುದೂ ಅದರಲ್ಲಿದೆ. ಆಸೆ ಮೊದಲು ಬರುತ್ತದೆ, ವಿದ್ಯೆ ತಡವಾಗಿ. ಹಾಗಾದರೆ ವಿದ್ಯೆಯನ್ನು ಎಳೆದು ತರುವುದು ಏನು? ಎರಡೂವರೆ ವರ್ಷದ ಮಕ್ಕಳನ್ನೂ ಸೇರಿಸಿ 2009ರಲ್ಲಿ ಡೋಲು ಬಾರಿಸುವ ಪ್ರಯೋಗ ಮಾಡಿದರು. ಒಮ್ಮೆ ಯಂತ್ರದ ಜೊತೆ, ಒಮ್ಮೆ ಬರೀ ಸ್ಪೀಕರ್‌ನ ಸದ್ದಿನ ಜೊತೆ, ಒಮ್ಮೆ ಎದುರಿಗೆ ಕೂತು ಬಾರಿಸುವ ಮನುಷ್ಯರ ಜೊತೆ. ಎದುರಿಗೆ ಮನುಷ್ಯರಿದ್ದಾಗ ತಾಳ ಚೆನ್ನಾಗಿ ಕೂತಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ 2014ರ ಪ್ರಯೋಗ. ಹದಿನಾಲ್ಕು ತಿಂಗಳ ಮಗುವನ್ನು ಒಬ್ಬರು ಎದೆಗೆ ಕಟ್ಟಿಕೊಂಡು, ಮುಖ ಹೊರಗೆ ಮಾಡಿ, ಹಾಡಿಗೆ ಮೆಲ್ಲಗೆ ಕುಪ್ಪಳಿಸುತ್ತಾರೆ. ಎದುರಿಗೆ ಇನ್ನೊಬ್ಬರು. ಕೆಲವು ಮಕ್ಕಳ ಎದುರು ಅವರೂ ಅದೇ ತಾಳಕ್ಕೆ ಕುಪ್ಪಳಿಸುತ್ತಾರೆ, ಇನ್ನು ಕೆಲವರ ಎದುರು ಬೇಕೆಂದೇ ಬೇರೆ ತಾಳಕ್ಕೆ. ಹಾಡು ಮುಗಿದ ಮೇಲೆ ಆ ಎದುರಿನವರು ಬಟ್ಟೆ ಕ್ಲಿಪ್ಪನ್ನೋ ಪೆನ್ನನ್ನೋ ಕೈಜಾರಿದ ಹಾಗೆ ಕೆಳಗೆ ಬೀಳಿಸಿ, ಎಟುಕದವರಂತೆ ಕೈ ಚಾಚುತ್ತಾರೆ. ಜೊತೆಯಾಗಿ ಕುಪ್ಪಳಿಸಿದ್ದ ಮಕ್ಕಳು ಎದ್ದುಹೋಗಿ ಎತ್ತಿಕೊಟ್ಟದ್ದು ಜಾಸ್ತಿ. ಒಂದೇ ಹಾಡು, ಅದೇ ಕುಪ್ಪಳಿಕೆ. ಬದಲಾಗಿದ್ದು ಎದುರಿನವರು ಜೊತೆಗಿದ್ದರೋ ಇಲ್ಲವೋ ಎಂಬುದೊಂದೇ. ನಡೆಯಲು ಆಗತಾನೇ ಕಲಿತ ಮಗು ಅಷ್ಟರಲ್ಲೇ ಇವರು ನಮ್ಮವರು ಎಂದು ತೀರ್ಮಾನಿಸಿಬಿಟ್ಟಿತ್ತು.

ದೊಡ್ಡವರಲ್ಲಿಯೂ ಇದೇ ಎಳೆ ಕಾಣುತ್ತದೆ. ಬ್ರೆಜಿಲ್‌ನ 264 ಹೈಸ್ಕೂಲ್ ವಿದ್ಯಾರ್ಥಿಗಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಕೆಲವರು ಒಟ್ಟಾಗಿ ಒಂದೇ ಚಲನೆ ಮಾಡಿದರು, ಕೆಲವರು ಗುಂಪಿನಲ್ಲಿದ್ದೂ ತಮ್ಮ ತಮ್ಮ ಪಾಡಿಗೆ. ಕೆಲವರಿಗೆ ಬೆವರಿಳಿಸುವ ಕುಣಿತ, ಕೆಲವರಿಗೆ ಕೂತಲ್ಲೇ ಕೈ ಆಡಿಸುವುದು. ಮೊದಲೂ ಆಮೇಲೂ ರಕ್ತದೊತ್ತಡದ ಪಟ್ಟಿ ಕಟ್ಟಿ, ಎಷ್ಟು ಬಿಗಿಯಾಗುವವರೆಗೆ ತಡೆದುಕೊಳ್ಳುತ್ತಾರೆ ಎಂದು ಅಳೆದರು. ಬೆವರಿಳಿಸಿದವರು ಜಾಸ್ತಿ ತಡೆದುಕೊಂಡರು, ಅದರಲ್ಲಿ ಆಶ್ಚರ್ಯವಿಲ್ಲ. ಬೆವರಿನ ಲೆಕ್ಕ ಬಿಟ್ಟರೂ, ಒಟ್ಟಾಗಿ ಆಡಿದವರಲ್ಲಿ ನೋವು ತಡೆಯುವ ಶಕ್ತಿ ಬೇರೆಯಾಗಿಯೇ ಏರಿತ್ತು. ಗುಂಪಿನವರ ಮೇಲೆ ಆಪ್ತ ಭಾವವೂ ಹೆಚ್ಚಿತ್ತು.

ಕೊನೆಗೊಬ್ಬ ಯುವಕನ ವಿಷಯ. ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ಅವನ ಬಗ್ಗೆ ಬರೆದರು. ಕಿವಿ ಸರಿಯಿದೆ, ರಾಗ ಗುರುತಿಸುತ್ತಾನೆ, ಟಿಕ್ ಟಿಕ್ ಸದ್ದಿಗೆ ಮಂಡಿ ಬಗ್ಗಿಸಿ ಕುಪ್ಪಳಿಸಲೂ ಬರುತ್ತದೆ. ಹಾಡು ಹಾಕಿದರೆ ಮಾತ್ರ ಅದರೊಳಗಿನ ತಾಳ ಸಿಗುವುದಿಲ್ಲ. ಬೇರೆಯವರು ತಾಳಕ್ಕೆ ಕುಣಿಯುತ್ತಿದ್ದಾರೋ ಇಲ್ಲವೋ ಎಂದು ನೋಡಿ ಹೇಳುವುದೂ ಅವನಿಗೆ ಕಷ್ಟ. ಆದರೂ ಅವನಿಗೆ ಸಂಗೀತವೂ ಇಷ್ಟ, ಕುಣಿತವೂ ಇಷ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇವನಿಗೆ ಅನ್ವಯಿಸುವುದಿಲ್ಲ. ಇವನು ನೆಲವನ್ನು ದೂರಿದವನಲ್ಲ, ಸುಮ್ನೆ ಕುಣಿದವನು. ತಾಳವೇ ಕುಣಿತದ ಸುಖದ ಮೂಲವಾಗಿದ್ದರೆ ಇವನು ಯಾವತ್ತೋ ಬಿಟ್ಟುಬಿಡಬೇಕಿತ್ತು.

ಎಲ್ಲಿ ಸಿಕ್ಕಿಕೊಳ್ಳುತ್ತದೆ

ಕುಣಿತದ ಬೇರು ತಾಳವಲ್ಲ, ಜೊತೆ ಬೇಕೆಂಬ ಆಸೆ ಎಂಬ ನನ್ನ ಓದಿಗೆ ಎರಡು ತೊಡಕುಗಳಿವೆ.

ಬಾಗಿಲು ಹಾಕಿಕೊಂಡು ಒಬ್ಬರೇ ಕುಣಿಯುವವರು ಬೇಕಾದಷ್ಟಿದ್ದಾರೆ. ಅಲ್ಲಿ ಜೊತೆ ಎಲ್ಲಿ? ಇದಕ್ಕೆ ಅರ್ಧ ಉತ್ತರ ಮೆದುಳಿನಲ್ಲೇ ಇದೆ. ತಾಳವಿರುವ ಸದ್ದನ್ನು ಅಲ್ಲಾಡದೆ ಮಲಗಿ ಕೇಳಿದರೂ ಚಲನೆಗೆ ಸಂಬಂಧಿಸಿದ ಮೆದುಳಿನ ಭಾಗಗಳು ಚುರುಕಾಗುತ್ತವೆ. ಕೇಳುವುದೆಂದರೆ ಅರ್ಧ ಅಲುಗಿದ ಹಾಗೆಯೇ. ತಾಳ ತೀರಾ ಸಪಾಟಾಗಿದ್ದರೆ ಬೇಜಾರು, ತೀರಾ ತಿರುಚಿಕೊಂಡಿದ್ದರೆ ಕೈಗೆ ಸಿಗದು, ನಡುವಿನ ಹದದಲ್ಲಿದ್ದಾಗಲೇ ಮೈ ಎಳೆಯುತ್ತದೆ ಎಂದು 2014ರ ಒಂದು ಅಧ್ಯಯನ ಹೇಳುತ್ತದೆ. ಈ ಎಳೆತಕ್ಕೆ ಎದುರಿಗೆ ಯಾರೂ ಬೇಕಿಲ್ಲ. ಉಳಿದರ್ಧ ನನ್ನ ಊಹೆ: ಒಬ್ಬರೇ ಇದ್ದಾಗಲೂ ಹಾಡಿನಲ್ಲಿ ಹಾಡುವವರಿದ್ದಾರೆ, ಬಾರಿಸುವವರಿದ್ದಾರೆ. ಪೂರ್ತಿ ಒಂಟಿ ಅಲ್ಲ.

ಎರಡನೆಯ ತೊಡಕು ಹಕ್ಕಿಗಳಿಂದಲೇ ಬಂದದ್ದು, ಅದು ಹೆಚ್ಚು ಗಟ್ಟಿ. 2025ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸಾಕಿದ ಕಾಕಟೂಗಳ 45 ವಿಡಿಯೊ ನೋಡಿ 30 ಬಗೆಯ ಕುಣಿತದ ಚಲನೆ ಪಟ್ಟಿ ಮಾಡಿದರು. ಸ್ನೋಬಾಲ್ ಒಂದೇ ಅಪರೂಪದ ಹಕ್ಕಿಯಲ್ಲ ಎಂದು ಗೊತ್ತಾಯಿತು. ಆಮೇಲೆ ಮೃಗಾಲಯದ ಆರು ಕಾಕಟೂಗಳಿಗೆ ಸಂಗೀತ ಹಾಕಿದರು, ಬರೀ ಮಾತು ಹಾಕಿದರು, ಏನೂ ಹಾಕದೆಯೂ ಬಿಟ್ಟರು. ಮೂರರಲ್ಲೂ ಕುಣಿದವು. ಹಾಡಿಲ್ಲದೆಯೂ! ಇದರಿಂದ ತಾಳವೇ ಎಲ್ಲ ಅನ್ನುವ ವಾದ ಇನ್ನಷ್ಟು ಸೊರಗುತ್ತದೆ, ನನಗೆ ಅನುಕೂಲವೇ. ಆದರೆ ಆ ಕುಣಿತ ಯಾರನ್ನಾದರೂ ಕರೆಯಲೋ, ಬರೀ ಮೈಯ ಹುರುಪಿಗೋ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ.

ತೀರ್ಮಾನವಾಗಬೇಕಾದರೆ ಒಂದೇ ಹಕ್ಕಿಯನ್ನು, ಒಂದೇ ಹಾಡಿಗೆ, ಮೂರು ಸಂದರ್ಭದಲ್ಲಿ ನೋಡಬೇಕು. ಕೋಣೆ ಖಾಲಿ, ಯಾರೋ ಸುಮ್ಮನೆ ಕೂತಿದ್ದಾರೆ, ಯಾರೋ ಜೊತೆಗೆ ಕುಣಿಯುತ್ತಿದ್ದಾರೆ. ಪ್ರತಿ ಸಲವೂ ಎಷ್ಟು ಹೊತ್ತು ಕುಣಿಯಿತು, ಅದರಲ್ಲಿ ತಾಳಕ್ಕೆ ಬಿದ್ದದ್ದು ಎಷ್ಟು ಎಂದು ಬೇರೆ ಬೇರೆಯಾಗಿ ಎಣಿಸಬೇಕು. ಇದನ್ನು ಒಂದಲ್ಲ, ಹತ್ತಾರು ಹಕ್ಕಿಗಳಲ್ಲಿ ಮಾಡಬೇಕು. ಖಾಲಿ ಕೋಣೆಯಲ್ಲೂ ಅವು ಅಷ್ಟೇ ಹುರುಪಿನಿಂದ ಕುಣಿದರೆ, ನಾನು ಜೊತೆಯ ಬಗ್ಗೆ ಇಲ್ಲಿ ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.